80 ಮೆಗಾಹರ್ಟ್ಸ್ ಸಾಕಾಗಲ್ವಾ? ಹಳೇ ಐಪಾಡ್ ರಿಪೇರಿ ಡೈರಿ

ಮೊದಲ ಭಾನುವಾರ

ಭಾವ 2006ರಲ್ಲಿ ಅಮೆರಿಕದಿಂದ ತಂದಿದ್ದ ಐಪಾಡ್ ಅಟ್ಟದ ಮೇಲಿನ ಡಬ್ಬದಲ್ಲಿ ಸಿಕ್ಕಿತು. ವಿಡಿಯೋ ಬರುವ ಐದನೇ ತಲೆಮಾರಿನದು, 30 ಜಿಬಿ. ಚಾರ್ಜಿಗೆ ಹಾಕಿದೆ. ಸೇಬಿನ ಗುರುತು ಬಂತು. ಆಮೇಲೆ ಒಳಗಿಂದ ಟಿಕ್, ಟಿಕ್, ಟಿಕ್. ಹಾರ್ಡ್‌ಡಿಸ್ಕ್ ಹೋಗಿದೆ.

ಫೋನ್ ಮಾಡಿದೆ. "ಭಾವ, ನಿಮ್ಮ ಐಪಾಡ್ ಬಿಚ್ಚಲಾ?"

"ಬಿಚ್ಚಪ್ಪ. ಅದು ಸತ್ತು ಹತ್ತು ವರ್ಷ ಆಯ್ತು, ತಿಥಿ ಒಂದು ಬಾಕಿ."

ಅದೇ ವಾರ ಆಫೀಸಿನ ಗೆಳೆಯ ಹೊಸ ಆಂಡ್ರಾಯ್ಡ್ ಪ್ಲೇಯರ್ ತಂದಿದ್ದ. "ಗುರು, ಎಂಟು ಕೋರ್, 4 ಜಿಬಿ ರ್‍ಯಾಮ್" ಅಂದ. ಹಾಡು ಕೇಳೋಕೆ ಅಷ್ಟೆಲ್ಲ ಬೇಕಾ ಅಂತ ಕೇಳಿದೆ. "ಕ್ವಾಲಿಟಿ ಬೇಕಂದ್ರೆ ಬೇಕಲ್ವಾ?" ಅಂದ. ಬೇಡ ಅಂತ ನನಗೆ ಅನ್ನಿಸಿತು, ಆದರೆ ಹೇಳಲು ಕೈಯಲ್ಲಿ ಲೆಕ್ಕ ಇರಲಿಲ್ಲ. ಹಾಗಾಗಿ ಈ ಪ್ರಾಜೆಕ್ಟ್. ಐಪಾಡ್ ಎಬ್ಬಿಸುವುದು, ಅದು ಏದುಸಿರು ಬಿಡುವವರೆಗೆ ಕೆಲಸ ಕೊಡುವುದು, ಎಲ್ಲಿ ಏದುಸಿರು ಬಂತು ಅಂತ ಬರೆದಿಡುವುದು.

ಒಳಗೆ ಇರುವುದು ಇಷ್ಟು: ಪೋರ್ಟಲ್‌ಪ್ಲೇಯರ್ ಚಿಪ್ಪು, ಅದರಲ್ಲಿ ಎರಡು ಆರ್ಮ್7 ಕೋರ್ (ಲೆಕ್ಕ ಮಾಡುವ ಮಿದುಳು), ವೇಗ ಹೆಚ್ಚೆಂದರೆ 80 ಮೆಗಾಹರ್ಟ್ಸ್. ರ್‍ಯಾಮ್ 32 ಎಂಬಿ. ಜಿಬಿ ಅಲ್ಲ, ಎಂಬಿ. ಧ್ವನಿಗೆ ವುಲ್ಫ್‌ಸನ್ ಕಂಪನಿಯ ಚಿಪ್ಪು.

ಎರಡನೇ ಭಾನುವಾರ: ಬಿಚ್ಚಿದ್ದು

ಸ್ಟೀಲಿನ ಬೆನ್ನು ಬಿಚ್ಚಲು ಸ್ಕ್ರೂ ಇಲ್ಲ. ಅಂಚಿನ ಸಂದಿಗೆ ಗಿಟಾರ್ ಪಿಕ್ ತೂರಿಸಿ ಸುತ್ತಲೂ ಎಬ್ಬಿಸಬೇಕು. ಟಕ್ ಅಂದಾಗ ಎಳೆಯಬಾರದು. ಒಳಗೆ ಬ್ಯಾಟರಿಯದೊಂದು, ಇಯರ್‌ಫೋನ್ ಜ್ಯಾಕಿನದೊಂದು ರಿಬ್ಬನ್ ಕೇಬಲ್ ಬೆನ್ನಿಗೂ ಬೋರ್ಡಿಗೂ ನಡುವೆ ಇರುತ್ತದೆ. ಗೊತ್ತಿದ್ದೂ ಎಳೆದೆ. ಜ್ಯಾಕಿನ ರಿಬ್ಬನ್ ಅರ್ಧ ಹರಿಯಿತು. ಇನ್ನೊಂದು ತರಿಸಬೇಕಾಯಿತು, ಹತ್ತು ದಿನ ವೇಸ್ಟ್.

ಡಿಸ್ಕ್ 1.8 ಇಂಚಿನದು, ಬಿಸ್ಕತ್ತಿನಷ್ಟು. ಅದರ ಜಾಗಕ್ಕೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಿದೆ. ಮೊದಲು ತರಿಸಿದ 128 ಜಿಬಿ ಕಾರ್ಡು ನಕಲಿ. ಪೂರ್ತಿ ತುಂಬಿಸಿ ವಾಪಸ್ ಓದಿ ನೋಡಿದಾಗಲೇ ಗೊತ್ತಾಗಿದ್ದು. ಎರಡನೆಯದು ಅಸಲಿ. ಕಾರ್ಡನ್ನು ಫ್ಯಾಟ್32 ಅನ್ನುವ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ ರಾಕ್‌ಬಾಕ್ಸ್ ಹಾಕಿದೆ. ಗೊತ್ತಿಲ್ಲದವರಿಗೆ: ಇದು ಮ್ಯೂಸಿಕ್ ಪ್ಲೇಯರ್‌ಗಳಿಗೆ ಅಂತಲೇ ಬರೆದ ಮುಕ್ತ ತಂತ್ರಾಂಶ. ಮೊದಲು ಆರ್ಕೋಸ್ ಪ್ಲೇಯರ್‌ಗಳಿಗಾಗಿ ಶುರುವಾಯಿತು. ಆ ಆರ್ಕೋಸ್‌ನ ಪ್ರೊಸೆಸರ್ ಸುಮಾರು 12 ಮೆಗಾಹರ್ಟ್ಸ್, ರ್‍ಯಾಮ್ 2 ಎಂಬಿ. ಎಂಪಿ3 ಬಿಡಿಸಲು ಬೇರೆಯೇ ಚಿಪ್ಪು ಇತ್ತು. ಪ್ರೊಸೆಸರ್ ಡಿಸ್ಕಿನಿಂದ ಹಾಡು ತಂದು ಚಿಪ್ಪಿನ ಕೈಗಿಟ್ಟು ಮೆನು ತೋರಿಸುತ್ತಿತ್ತು, ಅಷ್ಟೇ.

ಆಪಲ್ ಈ ಐಪಾಡಿಗೆ 32 ಎಂಬಿ ಕೊಟ್ಟಿದ್ದು ಯಾಕೆ ಅಂತ ಇಲ್ಲಿ ಹೊಳೆಯಿತು. ಕಾರಣ ಡಿಸ್ಕು. ತಿರುಗುತ್ತಲೇ ಇದ್ದರೆ ಬ್ಯಾಟರಿ ಕುಡಿದುಬಿಡುತ್ತದೆ. ಅದಕ್ಕೆ ಒಮ್ಮೆ ತಿರುಗಿಸಿ, ಆದಷ್ಟು ಹಾಡು ರ್‍ಯಾಮಿಗೆ ತುಂಬಿಕೊಂಡು, ನಿಲ್ಲಿಸಿಬಿಡುವುದು. ರ್‍ಯಾಮ್ ಪೂರ್ತಿ ಹಾಡಿಗೇ ಸಿಕ್ಕಿತು ಅಂತ ಇಟ್ಟುಕೊಳ್ಳಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಆದರೆ 35 ನಿಮಿಷ ಡಿಸ್ಕ್ ಮಲಗಬಹುದು. ಅದೇ ಫ್ಲ್ಯಾಕ್ (ಏನೂ ಕಳೆಯದೆ ಒತ್ತಿದ, ಹಾಗಾಗಿ ದೊಡ್ಡದಾದ ಫೈಲು) ಆದರೆ ಐದೇ ನಿಮಿಷ. ಕಾರ್ಡ್ ಹಾಕಿದ ಮೇಲೆ ಈ ತಾಪತ್ರಯವೇ ಇಲ್ಲ. ಅಂದರೆ ಆ ಕಾಲಕ್ಕಿಂತ ಈಗ ಇದಕ್ಕೆ ಬೇಕಾದ ರ್‍ಯಾಮ್ ಕಮ್ಮಿಯೇ!

ನಾಲ್ಕನೇ ವಾರ: ಅಳತೆ

ರಾಕ್‌ಬಾಕ್ಸ್‌ನಲ್ಲಿ ಒಂದು ಡೀಬಗ್ ಮೆನು ಇದೆ. ಅದರಲ್ಲಿ ಬಫರಿಂಗ್ ಪರದೆ ತೆರೆದರೆ ಪ್ರೊಸೆಸರ್ ಈಗ ಎಷ್ಟು ವೇಗದಲ್ಲಿದೆ ಅಂತ ಕಾಣಿಸುತ್ತದೆ. ಮಾಮೂಲಿಗೆ 30 ಮೆಗಾಹರ್ಟ್ಸ್. ಕೆಲಸ ಬಿದ್ದಾಗ 80ಕ್ಕೆ ಹಾರುತ್ತದೆ, ಮುಗಿದ ತಕ್ಷಣ ಇಳಿಯುತ್ತದೆ. ಪಕ್ಕದಲ್ಲೇ ಬೂಸ್ಟ್ ರೇಶಿಯೋ ಅಂತ ಶೇಕಡಾ ಲೆಕ್ಕ, ಎಷ್ಟು ಹೊತ್ತು ಮೇಲಿತ್ತು ಅಂತ. ಆಟೋ ಮೀಟರ್ ನೋಡಿದ ಹಾಗೆ ಅದನ್ನೇ ನೋಡುತ್ತಾ ಒಂದು ಸಂಜೆ ಕಳೆದೆ.

ಸಿಡಿಯಿಂದ ತೆಗೆದ ಫ್ಲ್ಯಾಕ್ ಹಾಕಿದೆ. 30ರಿಂದ 80ಕ್ಕೆ ಒಮ್ಮೆ ಜಿಗಿಯಿತು, ತಿರುಗಿ 30ಕ್ಕೆ ಬಂದು ಕೂತಿತು. ಬಹಳ ಹೊತ್ತು ಅಲ್ಲೇ. ಆಮೇಲೆ ಅದೇ ಹಾಡಿನ ಓಪಸ್ ಹಾಕಿದೆ, ಎಂಪಿ3 ತರಹ ಕಿವಿಗೆ ಅಷ್ಟಾಗಿ ಕೇಳದ್ದನ್ನು ಬಿಟ್ಟು ಚಿಕ್ಕದು ಮಾಡುವ ನಮೂನೆ. ಗಾತ್ರ ಫ್ಲ್ಯಾಕ್‌ಗಿಂತ ಎಷ್ಟೋ ಚಿಕ್ಕದು, ಆದರೆ ಮೀಟರ್ ಏರಿತು! ಮೊದಲು ತಲೆಕೆಳಗು ಅನ್ನಿಸಿತು. ಯೋಚಿಸಿದರೆ ಸರಿಯೇ. ಫ್ಲ್ಯಾಕ್‌ನಲ್ಲಿ ಕಷ್ಟದ ಕೆಲಸ ಮಾಡುವುದು ಗಂಟು ಕಟ್ಟುವವನು, ಅಂದರೆ ಫೈಲನ್ನು ಒತ್ತುವ ಕಂಪ್ಯೂಟರ್. ಬಿಚ್ಚುವವನಿಗೆ ಒಂದಿಷ್ಟು ಪೂರ್ಣಾಂಕಗಳ ಕೂಡು, ಗುಣಿಸು, ಮುಗಿಯಿತು. ಎಂಪಿ3, ಓಪಸ್ ತರಹದವಕ್ಕೆ ಆವರ್ತನಗಳಿಂದ ಅಲೆಯನ್ನು ಮತ್ತೆ ಕಟ್ಟಬೇಕು. ಈ ಆರ್ಮ್7ಗೆ ದಶಾಂಶ ಲೆಕ್ಕದ ಘಟಕವೇ ಇಲ್ಲ, ಎಲ್ಲಾ ಪೂರ್ಣಾಂಕದಲ್ಲೇ ಸರಿದೂಗಿಸಬೇಕು. ಎಂಪಿ3 ಹಾಕಿದಾಗ ರಾಕ್‌ಬಾಕ್ಸ್ ಕೆಲಸದ ಒಂದು ಭಾಗವನ್ನು ಎರಡನೇ ಕೋರಿಗೂ ಹಂಚುತ್ತದೆ. ಇಪ್ಪತ್ತು ವರ್ಷದ ಚಿಪ್ಪಿಗೆ ಇಷ್ಟು ಅಕ್ಕರೆಯಿಂದ ಕೋಡ್ ಬರೆದವರಿಗೆ ಒಂದು ಕಾಫಿ ಕೊಡಿಸಬೇಕು.

24 ಬಿಟ್, 96 ಕಿಲೋಹರ್ಟ್ಸ್ ಫ್ಲ್ಯಾಕ್ (ಸಿಡಿಗಿಂತ ಸೂಕ್ಷ್ಮವಾಗಿ, ಹೆಚ್ಚು ಸಲ ಅಳೆದದ್ದು) ಕೂಡ ತಡವರಿಸದೆ ಹಾಡಿತು. ಮೀಟರ್ ಜಾಸ್ತಿ ಹೊತ್ತು 80ರಲ್ಲಿತ್ತು, ನಿಜ. ಹೊರಗೆ ಬರುವಾಗ ದರ ಇಳಿಸಿಯೇ ಕೊಡುತ್ತದೆ, ಅದೂ ನಿಜ. ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ನಿಮಗೆ ತಿಳಿದರೆ ನಿಮ್ಮ ಕಿವಿ ದೊಡ್ಡದು.

ಕೊನೆಗೂ ಏದುಸಿರು ಬಂದಿದ್ದು ಮಂಕೀಸ್ ಆಡಿಯೋ ಅನ್ನುವ, ಫ್ಲ್ಯಾಕ್ ತರಹದ್ದೇ ಇನ್ನೊಂದು ನಮೂನೆಯಲ್ಲಿ. ಯಾರೋ ಕೊಟ್ಟಿದ್ದ ಹಳೇ ಕಛೇರಿಯ ಫೈಲು, ಎಕ್ಸ್‌ಟ್ರಾ ಹೈ ಮಟ್ಟದಲ್ಲಿ ಒತ್ತಿದ್ದು. ಒಂದು ಸೆಕೆಂಡಿನ ಹಾಡು ಬಿಚ್ಚಲು ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯಿತು. ತಂಬೂರಿ ತುಣುಕು ತುಣುಕಾಗಿ ಕೇಳಿಸಿತು, ಮಧ್ಯೆ ಮಧ್ಯೆ ಮೌನ. ಇಲ್ಲಿ ದೊಡ್ಡ ಪ್ರೊಸೆಸರ್ ಬೇಕು, ಒಪ್ಪಿಕೊಳ್ಳುತ್ತೇನೆ. ಆದರೆ ಕಂಪ್ಯೂಟರಿನಲ್ಲಿ ಒಮ್ಮೆ ಫ್ಲ್ಯಾಕ್ ಮಾಡಿಕೊಂಡರೆ ಆಯಿತು. ಎರಡರಲ್ಲೂ ಒಂದು ಬಿಟ್ಟೂ ಕಳೆಯುವುದಿಲ್ಲ. ಅದೇ ಕೆಲಸವನ್ನು ಪ್ರತಿ ಸಲ ಕೇಳುವಾಗಲೂ ಜೇಬಿನ ಬ್ಯಾಟರಿಯಿಂದ ಮಾಡಿಸುವುದು ಯಾಕೆ?

ಗೆಳೆಯನಿಗೆ ಇದೆಲ್ಲಾ ಹೇಳಿದೆ. ಅವನು ತನ್ನ 250 ಓಮ್ ಹೆಡ್‌ಫೋನ್ (ಜಾಸ್ತಿ ವೋಲ್ಟೇಜ್ ಕೇಳುವಂಥದ್ದು) ಚುಚ್ಚಿದ. ಫುಲ್ ವಾಲ್ಯೂಮ್ ಇಟ್ಟರೂ ಪಿಸುಮಾತು. "ನೋಡಿದ್ಯಾ, ಪವರ್ ಸಾಲಲ್ಲ." ಸಾಲಲ್ಲ, ಸರಿ. ಆದರೆ ಅದು ಆಂಪ್ಲಿಫೈಯರಿನ ಪವರ್ರು. ಎಂಟು ಕೋರ್ ಇದ್ದರೂ ಆ ಹೆಡ್‌ಫೋನಿಗೆ ವೋಲ್ಟೇಜ್ ಬರುವುದಿಲ್ಲ. ಅವನದಕ್ಕೆ ಕೋರುಗಳು ಬೇಕಿರುವುದು ಆಂಡ್ರಾಯ್ಡಿಗೆ, ಸ್ಟ್ರೀಮಿಂಗ್ ಆಪ್‌ಗಳಿಗೆ, ಬ್ಲೂಟೂತಿಗೆ. ಅವು ಬೇಕು ಅನ್ನುವವರಿಗೆ ಆ ಖರ್ಚು ನ್ಯಾಯವೇ. ನನ್ನ ಐಪಾಡಿನಲ್ಲಿ ಬ್ಲೂಟೂತೇ ಇಲ್ಲ. ನನಗೆ ಅದು ಕೊರತೆ ಅನ್ನಿಸಿಲ್ಲ, ವೈರು ಜೇಬಿನಲ್ಲಿ ಸಿಕ್ಕು ಬೀಳುವ ದಿನ ಬಿಟ್ಟು.

ಆರನೇ ವಾರ: ಮಲ್‌ಲಿಕಾರ್‌ಜುನ

ನಿಜವಾಗಿ ಸೋತಿದ್ದು ನಾನು ಅಂದುಕೊಳ್ಳದ ಕಡೆ. ಅಪ್ಪನ ಕ್ಯಾಸೆಟ್ಟುಗಳಿಂದ ಮಾಡಿಕೊಂಡ ಫೈಲುಗಳಿಗೆಲ್ಲಾ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಕನ್ನಡ ಫಾಂಟ್ ಹಾಕಿ ಮೆನು ತೆರೆದರೆ ಮಲ್ಲಿಕಾರ್ಜುನ ಮನ್ಸೂರರ ಹೆಸರು ಮೂಳೆ ಮುರಿದುಕೊಂಡು ಮಲಗಿತ್ತು. ಲ, ಪಕ್ಕದಲ್ಲಿ ಬಿಡಿ ಹಲಂತ (ಸ್ವರ ಕಳೆಯುವ ಗುರುತು), ಮತ್ತೆ ಲ, ಆಮೇಲೆ ಗಾಳಿಯಲ್ಲಿ ತೇಲುವ ಒಂದು ಗುಡಿಸು. ಅರ್ಕಾವೊತ್ತಿನ ಪತ್ತೆಯೇ ಇಲ್ಲ. ಭೀಮಸೇನ ಜೋಶಿಯವರ ಹೆಸರಿನಲ್ಲಿ ಒತ್ತಕ್ಷರ ಒಂದೂ ಇಲ್ಲ, ಹಾಗಾಗಿ ಅವರು ಹೇಗೋ ಬಚಾವ್.

ಇದಕ್ಕೂ ಪ್ರೊಸೆಸರ್ ಕಾರಣ ಅಲ್ಲ. ರಾಕ್‌ಬಾಕ್ಸ್ ಫಾಂಟಿನಲ್ಲಿ ಒಂದು ಯುನಿಕೋಡ್ ಸಂಖ್ಯೆಗೆ (ಕಂಪ್ಯೂಟರಿನಲ್ಲಿ ಪ್ರತಿ ಲಿಪಿಚಿಹ್ನೆಗೂ ಕೊಟ್ಟ ಸಂಖ್ಯೆ) ಒಂದು ಚಿತ್ರ. ನಮ್ಮ "ರ್ಜು"ಗೆ ಒಂದೇ ಸಂಖ್ಯೆ ಇಲ್ಲ. ನಾಲ್ಕು ಸಂಖ್ಯೆ ಸೇರಿ ಒಂದು ಆಕಾರ ಆಗಬೇಕು. ಆ ಜೋಡಣೆಯ ಕೋಡನ್ನು ಇದಕ್ಕೆ ಯಾರೂ ಬರೆದಿಲ್ಲ, ಅಷ್ಟೇ. ಪರದೆಯ ಮೇಲೆ ಎಂಟು ಸಾಲು ಜೋಡಿಸಲು 80 ಮೆಗಾಹರ್ಟ್ಸ್ ಧಾರಾಳ ಸಾಕು.

ಅಷ್ಟು ದೊಡ್ಡ ಕೋಡ್ ಬರೆಯುವ ತಾಕತ್ತು ನನಗಿಲ್ಲ. ಹಿಂಬಾಗಿಲು ಹುಡುಕಿದೆ. ಯುನಿಕೋಡಿನ ಮೊದಲ ವಿಭಾಗದಲ್ಲಿ ಯಾರಿಗೂ ಕೊಡದೆ ಖಾಲಿ ಬಿಟ್ಟ, ಖಾಸಗಿ ಬಳಕೆಯ 6400 ಜಾಗಗಳಿವೆ. ನನ್ನ ಸಂಗ್ರಹದ ಹೆಸರುಗಳಲ್ಲಿ ಬರುವ ಅಕ್ಷರಗಳನ್ನೆಲ್ಲಾ ಪೈಥಾನ್ ಸ್ಕ್ರಿಪ್ಟಿನಿಂದ ಹೆಕ್ಕಿದೆ. ಆರುನೂರು ಚಿಲ್ಲರೆ ಬಂದವು. ಕಂಪ್ಯೂಟರಿನಲ್ಲೇ ಹಾರ್ಫ್‌ಬಜ್ ಅನ್ನುವ ಅಕ್ಷರ ಜೋಡಿಸುವ ತಂತ್ರಾಂಶದಿಂದ ಒಂದೊಂದರ ಆಕಾರ ಜೋಡಿಸಿ, ಚಿತ್ರ ಮಾಡಿ, ಒಂದೊಂದು ಖಾಲಿ ಜಾಗಕ್ಕೆ ಕೂರಿಸಿದೆ. ಐಪಾಡಿಗೆ ಹೋಗುವ ಪ್ರತಿಗಳಲ್ಲಿ ಮಾತ್ರ ಹೆಸರುಗಳನ್ನು ಈ ಸಂಖ್ಯೆಗಳಿಗೆ ಬದಲಿಸುತ್ತೇನೆ. ಬೇರೆ ಎಲ್ಲಿ ತೆರೆದರೂ ಅವು ಬರೀ ಚೌಕಗಳು.

ಮೊದಲ ಸಲ ಅಕ್ಷರ ಸಿಕ್ಕ ಕ್ರಮದಲ್ಲೇ ಸಂಖ್ಯೆ ಕೊಟ್ಟಿದ್ದೆ. ಹೆಸರು ಚೆನ್ನಾಗಿ ಕಂಡಿತು, ಆದರೆ ಪಟ್ಟಿಯಲ್ಲಿ ಗಂಗೂಬಾಯಿ ಹಾನಗಲ್ ಎಲ್ಲರಿಗಿಂತ ಕೊನೆಗೆ ಹೋಗಿ ಕೂತಿದ್ದರು. ಪ್ಲೇಯರ್ ವಿಂಗಡಿಸುವುದು ಸಂಖ್ಯೆ ನೋಡಿ ಅಲ್ವಾ! ವರ್ಣಮಾಲೆಯ ಕ್ರಮದಲ್ಲಿ ಮತ್ತೆ ಸಂಖ್ಯೆ ಕೊಟ್ಟೆ. ಸರಿಹೋಯಿತು.

ಈ ವಾರ

ಮೆನು ಓದಲು ಬರುತ್ತಿದೆ. ಫಾಂಟಿನ ಎತ್ತರ 28 ಪಿಕ್ಸೆಲ್ಲಿಗೆ ಏರಿಸಿದ್ದೇನೆ. 240 ಪಿಕ್ಸೆಲ್ ಪರದೆಯಲ್ಲಿ ಎಂಟು ಸಾಲು ಹಿಡಿಯುತ್ತದೆ. ಇನ್ನೂ ಚಿಕ್ಕದು ಮಾಡಿದರೆ ಒತ್ತಿನ ಕೆಳಗೆ ಒತ್ತು ಬರುವ ಅಕ್ಷರಗಳು ಕೆಳಗಿನ ಸಾಲಿನವರ ತಲೆ ಮೇಲೆ ಕೂರುತ್ತವೆ. "ಷ್ಟ್ರ" ಈಗಲೂ ಒಂದು ಪಿಕ್ಸೆಲ್ ಹೊರಗೆ ಚಾಚಿದೆ.

ಬ್ಯಾಟರಿ ಪರೀಕ್ಷೆಗೆ ರಾಕ್‌ಬಾಕ್ಸ್‌ನಲ್ಲೇ ಒಂದು ಪ್ಲಗಿನ್ ಇದೆ. ನಿನ್ನೆ ರಾತ್ರಿ ಅದನ್ನು ಓಡಿಸಿ ಫ್ಲ್ಯಾಕ್ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದಾಗ ಹಾಡುತ್ತಲೇ ಇತ್ತು. ಸಂಜೆ ಆಫೀಸಿನಿಂದ ಬಂದು ನೋಡಬೇಕು. ಭಾವನಿಗೆ ಫೋಟೋ ಕಳಿಸಿದ್ದೆ, "ಹಾಗಾದ್ರೆ ಹಬ್ಬಕ್ಕೆ ಬಂದಾಗ ವಾಪಸ್ ಕೊಡು" ಅಂತ ಉತ್ತರ ಬಂದಿದೆ. ಅದಕ್ಕಿನ್ನೂ ಏನೂ ಬರೆದಿಲ್ಲ.