ಮೆಟ್ಟಿಲ ಕೆಳಗಿನ ಕರಿಬೇವು

ಚಿತ್ರದುರ್ಗದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಕರಿಬೇವಿನ ಕುಂಡ ಇತ್ತು. ಮೂರು ತಿಂಗಳು ಒಂದೇ ಒಂದು ಹೊಸ ಎಲೆ ಬರಲಿಲ್ಲ. "ಸತ್ತಿದೆ, ಬಿಸಾಡು" ಅಂದರು ಅತ್ತೆ. ಸುಮ್ನೆ ತಾರಸಿಗೆ ಒಯ್ದಿಟ್ಟು, ಒಂದು ಹಿಡಿ ಕುರಿಗೊಬ್ಬರ ಹಾಕಿದೆ. ಹದಿನೈದು ದಿನಕ್ಕೆ ಚಿಗುರು!

ಗಿಡದ ತುದಿಯಲ್ಲಿ ಕಾಂಡಕೋಶಗಳ, ಅಂದರೆ ಹೊಸ ಭಾಗಗಳನ್ನು ಹುಟ್ಟಿಸುವ ಮೂಲ ಕೋಶಗಳ, ಪುಟ್ಟ ಗುಂಪು ಇರುತ್ತದೆ. ಎಲೆ, ಹೂವು ಎಲ್ಲಾ ಅಲ್ಲಿಂದಲೇ. ವುಶೆಲ್ ಎಂಬ ಜೀನ್ ಆ ಗುಂಪನ್ನು ಉಳಿಸುತ್ತದೆ. ಕ್ಲಾವಟಾ-3 ಎಂಬ ಇನ್ನೊಂದು ಜೀನ್ ಆ ಗುಂಪು ಜಾಸ್ತಿಯಾಗದಂತೆ ತಡೆಯುತ್ತದೆ. ಅತ್ತೆ-ಸೊಸೆ ಇದ್ದ ಹಾಗೆ, ಅಲ್ವಾ? ಅರಾಬಿಡೋಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಿ ವಿಜ್ಞಾನಿಗಳು ಕಂಡದ್ದು ಇದು: ಬೆಳಕು, ಅದರಿಂದ ಎಲೆ ತಯಾರಿಸುವ ಸಕ್ಕರೆ ಸಿಕ್ಕರೆ ವುಶೆಲ್ ಚುರುಕಾಗುತ್ತದೆ. ಬೇರಿಗೆ ಗೊಬ್ಬರದಿಂದ ಬರುವ ನೈಟ್ರೇಟ್ ಪೋಷಕಾಂಶ ಸಿಕ್ಕರೆ ಸೈಟೊಕೈನಿನ್ ಹಾರ್ಮೋನ್ ಆ ಸುದ್ದಿಯನ್ನು ತುದಿಗೆ ಮುಟ್ಟಿಸುತ್ತದೆ.

ಈಗ ಅತ್ತೆ ಒಗ್ಗರಣೆಗೆ ಅದರಿಂದಲೇ ಕೀಳುತ್ತಾರೆ. ಅದೂ ತುದಿಯನ್ನೇ!