ಇಟಲಿಯ ನಟಿ ಆನ್ನಾ ಮಾನ್ಯಾನಿ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್: ಕೆಲಸ ಎಲ್ಲಿಗೆ ಬಂತು

1945ರ 'ರೋಮ್, ಮುಕ್ತ ನಗರ', 1951ರ 'ಬೆಲ್ಲಿಸ್ಸಿಮಾ' ಮುಗಿದಿವೆ. 1948ರ 'ಲಾಮೋರೆ' ಅರ್ಧಕ್ಕೆ ಬಂದಿದೆ. 1955ರ 'ದಿ ರೋಸ್ ಟ್ಯಾಟೂ' ಬಾಕಿ.

ಹೆಚ್ಚು ಹೊತ್ತು ತಿಂದದ್ದು ಟೈಮಿಂಗ್. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಕೂರಿಸಿದ ಸಾಲುಗಳನ್ನು ಯುರೋಪಿನ 25 ಫ್ರೇಮಿನ ಡಿವಿಡಿಗೆ ಹಾಕಿದರೆ ಮೊದಲ ದೃಶ್ಯ ಸರಿಯಾಗಿಯೇ ಕಾಣುತ್ತದೆ. ಡಿವಿಡಿಯ ಚಿತ್ರ ತುಸು ಬೇಗ ಓಡುವುದರಿಂದ 50ನೇ ನಿಮಿಷದ ಹೊತ್ತಿಗೆ ಸಾಲುಗಳು ಸುಮಾರು 2 ನಿಮಿಷ ಹಿಂದೆ ಬಿದ್ದಿರುತ್ತವೆ. ಅಂತರ ಬೆಳೆಯುತ್ತಲೇ ಹೋಗುವುದರಿಂದ ಇಡೀ ಫೈಲನ್ನು ಮುಂದೆ ತಳ್ಳಿ ಪ್ರಯೋಜನವಿಲ್ಲ. ಪ್ರತಿ ಸಮಯವನ್ನೂ 0.96ರಿಂದ ಗುಣಿಸಬೇಕು, 'ಸಬ್‌ಟೈಟಲ್ ಎಡಿಟ್' ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಅದೇ ಆಗುತ್ತದೆ. ಆಮೇಲೆ ಮೊದಲು ನೋಡಬೇಕಾದ ಜಾಗ, 'ರೋಮ್, ಮುಕ್ತ ನಗರ'ದಲ್ಲಿ ಮಾನ್ಯಾನಿಯ ಪಾತ್ರ ಪೀನಾ ಲಾರಿಯ ಹಿಂದೆ ಓಡಿ ಗುಂಡೇಟಿಗೆ ಬೀಳುವ ದೃಶ್ಯ. ಅಲ್ಲಿ 'ಫ್ರಾಂಚೆಸ್ಕೋ!' ಎಂಬ ಕೂಗಿಗೆ ಸಾಲೇ ಹಾಕಿಲ್ಲ. ಹೆಸರಿಗೆ ಅನುವಾದ ಬೇಡ, ಆ ಹೊತ್ತಿಗೆ ಕಣ್ಣು ಅವಳ ಮೇಲಿರಬೇಕು.

ಅದೇ ಚಿತ್ರದ ಪಾದ್ರಿ 'ದೋನ್ ಪಿಯೆತ್ರೋ'. ಇಟಲಿಯಲ್ಲಿ ಅದು ಪಾದ್ರಿಗಳಿಗೆ ಗೌರವದ ಪದ. ನಮ್ಮಲ್ಲಿ 'ಡಾನ್' ಎಂದರೆ ಭೂಗತಲೋಕವೇ ನೆನಪಾಗುವುದು. 'ಫಾದರ್ ಪಿಯೆತ್ರೋ' ಎಂದು ಇಟ್ಟಿದ್ದೇವೆ. ರೋಮಿನ ಆಡುನುಡಿಗೆ ಧಾರವಾಡದ್ದೋ ಮಂಡ್ಯದ್ದೋ ಮಾತು ಕೊಡಲಿಲ್ಲ. ಕೊಟ್ಟರೆ ಪಾತ್ರ ಊರೇ ಬಿಟ್ಟು ಬಂದಂತಾಗುತ್ತದೆ.

ಸೆಕೆಂಡಿಗೆ ಅಕ್ಷರ ಹೆಚ್ಚಾಯಿತು ಎಂದು ತಂತ್ರಾಂಶ ಕೊಡುವ ಎಚ್ಚರಿಕೆಯನ್ನು ಕನ್ನಡಕ್ಕೆ ನೇರವಾಗಿ ನಂಬಬಾರದು. 'ಸ್ತ್ರೀ' ಓದುವವರಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 6. ಗಟ್ಟಿಯಾಗಿ ಓದಿ ನೋಡುವುದೇ ಸರಿಯಾದ ಅಳತೆ. ಎರಡು ಸಾಲಿನ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಬೇಕು. ಕೆಲವು ಟಿವಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಬರುತ್ತದೆ. ಅಂಥ ಕಡೆಗೆ ಸಾಲುಗಳನ್ನು ಚಿತ್ರದಲ್ಲೇ ಅಚ್ಚೊತ್ತಿದ ಪ್ರತಿ ಬೇಕು.

'ಲಾಮೋರೆ'ಯ ಮೊದಲ ಭಾಗ ಫ್ರೆಂಚ್ ಲೇಖಕ ಕೊಕ್ತೋ ನಾಟಕದ್ದು: ಫೋನ್ ಹಿಡಿದ ಒಬ್ಬಳೇ ಹೆಂಗಸು. ಆ ಕಡೆಯ ದನಿ ಕೇಳಿಸದು, ಅವಳ ಮೌನದಲ್ಲೇ ಅದನ್ನು ಊಹಿಸಬೇಕು. ಹಾಗಾಗಿ ಮಾತು ನಿಂತ ಕೂಡಲೇ ಸಾಲೂ ಅಳಿಯಬೇಕು. ಮುಂದಿನ ಮಾತನ್ನು ಅರ್ಧ ಸೆಕೆಂಡ್ ಮೊದಲೇ ತೋರಿಸಿದರೂ ಮಾನ್ಯಾನಿಯ ಅಭಿನಯ ಹಾಳು.

ಜೊತೆಗಿಡುವ ಪರಿಚಯ ಪುಟದಲ್ಲಿ ಎರಡು ತಿದ್ದುಪಡಿ. ಮಾನ್ಯಾನಿಯ ಹುಟ್ಟೂರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಎಂಬ ಮಾತು ಹಬ್ಬಿದೆ. 1908ರ ಮಾರ್ಚ್ 7ರಂದು ಹುಟ್ಟಿದ್ದು ರೋಮಿನಲ್ಲಿ. ಆಸ್ಕರ್ ಬಂದದ್ದು 1955ರ ಚಿತ್ರಕ್ಕೆ, ಸಮಾರಂಭ 1956ರದ್ದು. ಹಾಸ್ಯನಟ ತೊತೋ ಜೊತೆಗಿನ ರೆವ್ಯೂಗಳು (ಹಾಡು-ಹಾಸ್ಯದ ಪ್ರದರ್ಶನಗಳು), 1965ರ 'ಲಾ ಲೂಪಾ', 1966ರ 'ಮೆಡಿಯಾ' ರಂಗಭೂಮಿಯವು. ಅವನ್ನು ಚಿತ್ರಪಟ್ಟಿಗೆ ಸೇರಿಸದೆ ಬೇರೆ ಅಂಕಣದಲ್ಲಿ ಇಟ್ಟಿದೆ.

ಮುಂದಿನದು 'ದಿ ರೋಸ್ ಟ್ಯಾಟೂ'. ಅದರ ಮೂಲ ನಾಟಕವನ್ನು ಅಮೆರಿಕದ ನಾಟಕಕಾರ ಟೆನೆಸೀ ವಿಲಿಯಮ್ಸ್ ಬರೆದದ್ದೇ ಮಾನ್ಯಾನಿಗಾಗಿ. ತಮ್ಮ ಇಂಗ್ಲಿಷ್ ಸಾಲದೆಂದು ಅವರು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಆಡಲು ಒಪ್ಪಲಿಲ್ಲ. ಚಿತ್ರದಲ್ಲಿ ಅವರ ಪಾತ್ರ ಸೆರಫೀನಾ ಇಂಗ್ಲಿಷಿನ ನಡುವೆ ಇಟಾಲಿಯನ್‌ಗೆ ಜಾರುವುದು ಕನ್ನಡದಲ್ಲೂ ತಿಳಿಯಬೇಕು. ಓರೆ ಅಕ್ಷರ ಕನ್ನಡದಲ್ಲಿ ಓದಲು ತ್ರಾಸು, ಅದಕ್ಕೇ ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಹಾಗೇ ಉಳಿಸುತ್ತೇವೆ.