ಟಾರ್ಪಾಲು ಮುಚ್ಚಿದ ಶೆಡ್ಡಿನಲ್ಲಿ ಒಂದು ಬೆಳಗಿನ ಜಾವ

ಹಿರಿಯೂರು ಕಡೆಯ ಒಂದು ಹಂದಿ ಶೆಡ್ಡು. ಜನವರಿ ತಿಂಗಳು, ಬೆಳಗಿನ ಐದೂವರೆ. ಸುತ್ತಲೂ ಟಾರ್ಪಾಲನ್ನು ನೆಲದಿಂದ ಸೂರಿನವರೆಗೆ ಬಿಗಿದು ಕಟ್ಟಿತ್ತು. ಬಾಗಿಲು ಸರಿಸಿದ ಕೂಡಲೇ ಗಂಜಲದ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ನಂಬಬೇಕಾದದ್ದು ಆ ಮೊದಲ ನಿಮಿಷದ ವಾಸನೆಯನ್ನೇ. ಸ್ವಲ್ಪ ಹೊತ್ತು ಒಳಗಿದ್ದರೆ ಮೂಗು ಒಗ್ಗಿಹೋಗುತ್ತದೆ, ದಿನವಿಡೀ ಅಲ್ಲೇ ಇರುವವರಿಗಂತೂ ಗೊತ್ತೇ ಆಗುವುದಿಲ್ಲ. ಆ ಘಾಟು ಗಂಜಲದಿಂದ ಏಳುವ ಅಮೋನಿಯ ಅನಿಲದ್ದು. ಅದು 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಒಳಗಿದ್ದರೆ ಒಳ್ಳೆಯದು, 20 ದಾಟಲೇಬಾರದು. ಕಣ್ಣು ಉರಿಯುವಷ್ಟಾಯಿತು ಎಂದರೆ ಆ ಗೆರೆ ದಾಟಿದೆ ಎಂದೇ ಹಿಡಿಯಬೇಕು. ನಾವು ಉಸಿರಾಡುವುದು ಐದಡಿ ಎತ್ತರದಲ್ಲಿ. ಹಂದಿಯ ಮೂತಿ ಇರುವುದು ನೆಲದಿಂದ ಒಂದಡಿ ಮೇಲೆ, ಗಂಜಲದ ಪಕ್ಕದಲ್ಲೇ. ಕುಕ್ಕರಗಾಲಲ್ಲಿ ಕೂತು ಮೂಸಿದರೆ ಅದರ ಪಾಡು ಏನೆಂದು ತಿಳಿಯುತ್ತದೆ.

"ಚಳಿಗೆ ಮರಿಗಳು ನಡುಗ್ತಾವೆ ಅಂತ ಒಂದು ಸಂದೀನೂ ಬಿಡದೆ ಮುಚ್ಚಿದೀನಿ ಸಾರ್. ಆದ್ರೂ ಕೆಮ್ಮು ನಿಲ್ತಾ ಇಲ್ಲ" ಎಂದರು ಯಜಮಾನರು. ಅವರ ಹೆದರಿಕೆ ಸುಳ್ಳಲ್ಲ. ಈ ಬಯಲುಸೀಮೆಯಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 15ರ ಹತ್ತಿರ ಇಳಿಯುತ್ತದೆ, ಮೇಲೆ ಮೂಡಗಾಳಿ ಬೇರೆ. ಆಗಷ್ಟೇ ಹಾಲು ಬಿಡಿಸಿದ ಮರಿಗೆ 26–28 ಡಿಗ್ರಿ ಬೇಕು. ಆದರೆ ಚಳಿ ತಡೆಯಲು ಹೋಗಿ ಉಸಿರನ್ನೇ ಕಟ್ಟಿದಂತಾಗಿತ್ತು.

ಟಾರ್ಚನ್ನು ಮೇಲೆ ತಿರುಗಿಸಿದಾಗ ತಗಡಿನ ಒಳಮೈಯಲ್ಲಿ ಸಾಲುಸಾಲು ನೀರಹನಿ. ಹಂದಿಗಳ ಉಸಿರಿನ ಹಬೆ, ಒದ್ದೆ ನೆಲದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣನೆ ತಗಡಿಗೆ ತಾಗಿ, ಹನಿಯಾಗಿ ಮತ್ತೆ ಮರಿಗಳ ಬೆನ್ನ ಮೇಲೇ ಬೀಳುತ್ತಿತ್ತು. ಒದ್ದೆ ಬೆನ್ನಿಗೆ ಚಳಿ ಇನ್ನೂ ಹೆಚ್ಚು.

ಮಲಗಿದ್ದವನ್ನೆಲ್ಲ ಎಬ್ಬಿಸಿ, ಗಲಾಟೆ ತಣ್ಣಗಾದ ಮೇಲೆ ಮೂರು ನಿಮಿಷ ಕೆಮ್ಮು ಎಣಿಸಿದೆವು. ಸೀನು ಬೇರೆ, ಕೆಮ್ಮು ಬೇರೆ; ಸೀನು ಮೂಗಿನದು, ಹೆಚ್ಚಾಗಿ ದೂಳಿನ ಮತ್ತು ಅಮೋನಿಯದ ಕಾಟ. ಇಲ್ಲಿ ಒಂದು ಹಂದಿ ನಾಯಿಯಂತೆ ಕುಂಡೆಯೂರಿ ಕೂತು, ಕತ್ತು ಮುಂದಕ್ಕೆ ಚಾಚಿ, ಬೆನ್ನು ಕಮಾನು ಮಾಡಿ ಏಳೆಂಟು ಸಲ ಒಣಕೆಮ್ಮು ಕೆಮ್ಮಿತು. ಕಫ ಬರಲಿಲ್ಲ. ಇದು ಮೈಕೋಪ್ಲಾಸ್ಮಾ ಎಂಬ ರೋಗಾಣುವಿನ ಸೋಂಕು ಇರಬಹುದು ಎಂದು ಅನುಮಾನಿಸಬೇಕಾದ ಕೆಮ್ಮು.

ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ದೂಳನ್ನೂ ರೋಗಾಣುವನ್ನೂ ಗುಡಿಸಿ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯ ಆ ಪೊರಕೆಯನ್ನು ಕೆಡಿಸುತ್ತದೆ. ಮೈಕೋಪ್ಲಾಸ್ಮಾ ಅದಕ್ಕೇ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಪಾಶ್ಚುರೆಲ್ಲಾದಂಥ ಬೇರೆ ರೋಗಾಣುಗಳು ಶ್ವಾಸಕೋಶಕ್ಕೆ ಸಲೀಸಾಗಿ ಇಳಿಯುತ್ತವೆ. ಇಲ್ಲಿ ಆಗಲೇ ಪೆನ್ಸಿಲಿನ್ ಚುಚ್ಚಿಸಿಯಾಗಿತ್ತು. ಪೆನ್ಸಿಲಿನ್ ಕೆಲಸ ಮಾಡುವುದು ರೋಗಾಣುವಿನ ಕೋಶಗೋಡೆಯ ಮೇಲೆ. ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಹಾಗಾಗಿ ಯಾವ ಔಷಧ, ಎಷ್ಟು ದಿನ ಎಂಬುದನ್ನು ಪಶುವೈದ್ಯರೇ ನೋಡಿ ಹೇಳಬೇಕು. ಪಕ್ಕೆ ಎಳೆದೆಳೆದು ಉಸಿರಾಡುತ್ತಿದ್ದ, ಜ್ವರ 40 ಡಿಗ್ರಿ ದಾಟಿದ್ದ ಎರಡನ್ನು ಬೇರೆ ಮಾಡಿದ್ದಾಯಿತು.

ಉಳಿದದ್ದು ಶೆಡ್ಡಿನ ಕೆಲಸ. ಟಾರ್ಪಾಲನ್ನು ಸೂರಿಗೆ ಕಟ್ಟದೆ, ಕೆಳಗಿನಿಂದ ಮೇಲಕ್ಕೆ ಏರುವಂತೆ ಕಟ್ಟಿ, ಸೂರಿನ ಕೆಳಗೆ ಉದ್ದಕ್ಕೂ ಒಂದಡಿ ತೆರವು ಬಿಟ್ಟೆವು. ಕೆಳಗಡೆ ಮಲಗಿದ ಮರಿಗೆ ಗಾಳಿ ಬಡಿಯಬಾರದು, ಬಿಸಿ ಗಾಳಿ ಮಾತ್ರ ಮೇಲಿಂದ ಹೊರಬೀಳಬೇಕು. ಒಂದು ಊದುಬತ್ತಿ ಹಚ್ಚಿ ಮರಿಯ ಎತ್ತರದಲ್ಲಿ ಹಿಡಿದರೆ ಪರೀಕ್ಷೆ ಮುಗಿಯಿತು: ಹೊಗೆ ಅಡ್ಡ ಹಾರಿದರೆ ಕೆಳಗೆಲ್ಲೋ ಸಂದಿಯಿದೆ, ಅಲ್ಲೇ ಸುತ್ತುತ್ತಾ ನಿಂತರೆ ಮೇಲೆ ದಾರಿ ಸಾಲದು. ನಿಧಾನವಾಗಿ ಏರಿ ಸೂರಿನ ಕಡೆ ಹೋಗಬೇಕು.

ಬೆಚ್ಚಗಾಗಲು ಮಲಗುವ ಮೂಲೆಗೆ ನಾಲ್ಕು ಬೆರಳು ದಪ್ಪ ಒಣ ಭತ್ತದ ಹೊಟ್ಟು. ಶೇಂಗಾ ಹೊಟ್ಟು ಚಳ್ಳಕೆರೆ ಸೀಮೆಯಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ಒದ್ದೆಯಾಗಿ ಬೂಷ್ಟು ಹಿಡಿದದ್ದನ್ನು ಹಾಸಿದರೆ ಆ ಬೂಷ್ಟಿನ ದೂಳೇ ಎದೆಗಿಳಿಯುತ್ತದೆ. ನೆಲ ತೊಳೆಯುವುದು ಸಂಜೆ ಬೇಡ. ಬಿಸಿಲೇರಿದ ಮೇಲೆ ತೊಳೆದರೆ ಕತ್ತಲಾಗುವಷ್ಟರಲ್ಲಿ ಒಣಗಿರುತ್ತದೆ. ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟನ್ನು ಎತ್ತರದಿಂದ ಸುರಿಯಬಾರದು. ಅದಕ್ಕೆ ನೀರು ಚಿಮುಕಿಸಿ ಆಗಲೇ ತಿನ್ನಿಸಬೇಕು, ಇಲ್ಲವೇ ನೂರು ಕೆಜಿಗೆ ಒಂದು ಕೆಜಿ ಎಣ್ಣೆ ಬೆರೆಸಿದರೆ ದೂಳು ಕೂರುತ್ತದೆ.

ಯಜಮಾನರಿಗೆ ಒಪ್ಪಿಸಲು ಕಷ್ಟವಾದದ್ದು ಒಂದೇ: 10×12 ಅಡಿಯ ಅಂಕಣದಲ್ಲಿ ಬೆಳೆಯುವ ಹಂದಿ ಹದಿನೆಂಟು. ತಲೆಗೆ 10 ಚದರಡಿ ಎಂದರೂ ಹನ್ನೆರಡಷ್ಟೇ ಹಿಡಿಯುತ್ತದೆ. ಕಿಕ್ಕಿರಿದಲ್ಲಿ ಎಷ್ಟು ಗಾಳಿ ಬಿಟ್ಟರೂ ಒಂದರ ಕೆಮ್ಮು ಇನ್ನೊಂದರ ಮೂತಿಗೇ.

ಸಂಜೆ ಮರಿಗಳು ಒಂದರ ಮೇಲೊಂದು ಹೇರಿಕೊಳ್ಳದೆ, ಪಕ್ಕಕ್ಕೆ ಪಕ್ಕ ತಾಗಿಸಿಕೊಂಡು ಹೊಟ್ಟಿನಲ್ಲಿ ಮಲಗಿದವು. ಚಳಿಯಾಗಿಲ್ಲ ಎನ್ನುವುದಕ್ಕೆ ಅಷ್ಟೇ ಗುರುತು ಸಾಕು. ಈ ಕೆಮ್ಮು ಒಂದೆರಡು ದಿನಕ್ಕೆ ನಿಲ್ಲುವಂಥದ್ದಲ್ಲ, ವಾರಗಟ್ಟಲೆ ಎಳೆಯುತ್ತದೆ. ಬೆಳಗ್ಗೆ ಎಣಿಸಿದ್ದನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟೆವು: ಮೂರು ನಿಮಿಷಕ್ಕೆ 11. ಮುಂದಿನ ಸೋಮವಾರ ಅದೇ ಹೊತ್ತಿಗೆ ಇನ್ನೊಂದು ಎಣಿಕೆ.